ಹೊಳೆದಂಡೆಯ ಪಾರ್ಕನ್ನು ನಾವೇ ನೋಡಿಕೊಳ್ಳುವುದು ಹೇಗೆ? ಕಾರವಾರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಳಿ ಹೊಳೆ ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿ, ಸುಮಾರು 184 ಕಿ.ಮೀ. ಹರಿದು, ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ಕಡಲು ಸೇರುತ್ತದೆ. ಆ ದಂಡೆಯಲ್ಲಿ ಕೂತು ಒಂದಾದರೂ ಸಂಜೆ ಕಳೆಯದ ಕಾರವಾರದವರು ಕಡಿಮೆ. ಇಂಥ ದಂಡೆಯ ಪಾರ್ಕನ್ನು ಅಕ್ಕಪಕ್ಕದ ಮನೆಯವರೇ ಸೇರಿ ನೋಡಿಕೊಳ್ಳಲು ಹೊರಟರೆ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕಾರವಾರವನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅಂಕೋಲಾದ ಗಂಗಾವಳಿ, ಕುಮಟಾದ ಅಘನಾಶಿನಿ, ಹೊನ್ನಾವರದ ಶರಾವತಿ ದಂಡೆಯವರಿಗೂ ಬಹುಪಾಲು ಹೊಂದುತ್ತದೆ.

ಇದು ನಗರಸಭೆ ಕೆಲಸ ಅಲ್ವಾ? ತೆರಿಗೆ ಕಟ್ಟಿದ ಮೇಲೂ ನಾವ್ಯಾಕೆ ಕಸ ಹೆಕ್ಕಬೇಕು?

ಹೌದು, ನಗರಸಭೆ ಕೆಲಸವೇ. ಆ ಮಾತನ್ನು ಯಾವತ್ತೂ ಬಿಟ್ಟುಕೊಡಬೇಡಿ. ಕಸ ಸಾಗಿಸುವುದು, ದೀಪ, ನಲ್ಲಿ, ಶೌಚಾಲಯ, ಮುರಿದ ಕಾಂಪೌಂಡಿನ ರಿಪೇರಿ, ಇವೆಲ್ಲ ತೆರಿಗೆ ದುಡ್ಡಿನಲ್ಲೇ ಆಗಬೇಕು. ಊರವರು ವಂತಿಗೆ ಎತ್ತಿ ದೀಪದ ಕಂಬ ಹಾಕಿಸಲು ಹೊರಟರೆ, "ಅಲ್ಲಿ ಜನರೇ ಮಾಡಿಕೊಳ್ಳುತ್ತಾರೆ" ಅಂತ ಪಾರ್ಕಿಗೆ ಬರಬೇಕಾದ ಹಣ ಬೇರೆ ಕಡೆ ಹೋಗುತ್ತದೆ.

ಊರವರಿಂದ ಮಾತ್ರ ಆಗುವ ಕೆಲಸ ಬೇರೆ ಇದೆ. ದಿನಾ ಕಣ್ಣಿಡುವುದು. ನೆಟ್ಟ ಗಿಡ ಬಾಡಿದೆಯಾ, ಚರಂಡಿ ಬಾಯಿ ಕಟ್ಟಿದೆಯಾ, ರಾತ್ರಿ ಯಾರೋ ಮಣ್ಣು ತಂದು ಸುರಿದಿದ್ದಾರಾ ಅಂತ ಮೊದಲು ಗೊತ್ತಾಗುವುದು ಬೆಳಿಗ್ಗೆ ವಾಕಿಂಗ್ ಬರುವವರಿಗೆ. ಗುತ್ತಿಗೆದಾರ ಗಿಡ ನೆಟ್ಟು ಬಿಲ್ಲು ಪಡೆದು ಹೋಗುತ್ತಾನೆ. ಮೂರನೇ ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಬೇಕಾದವರು ಇಲ್ಲೇ ಇರುವವರು.

ಶುರು ಮಾಡುವುದು ಎಲ್ಲಿಂದ?

ಜಾಗ ಯಾರದ್ದು ಅಂತ ತಿಳಿದುಕೊಳ್ಳುವುದರಿಂದ. ಇದನ್ನು ಬಿಟ್ಟು ಪೊರಕೆ ಹಿಡಿದವರು ಆಮೇಲೆ ತೊಂದರೆಗೆ ಸಿಕ್ಕಿದ್ದಾರೆ.

ಹೊಳೆದಂಡೆಯ ಒಂದೇ ಪಾರ್ಕಿನಲ್ಲಿ ಮೂರ್ನಾಲ್ಕು ಇಲಾಖೆಗಳ ಗಡಿ ಕೂಡಿರಬಹುದು. ಬೆಂಚು ಇರುವ ಜಾಗ ನಗರಸಭೆಯದ್ದು. ಕೆಳಗಿನ ಕಾಂಡ್ಲಾ (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಮರ) ಅರಣ್ಯ ಇಲಾಖೆಯದ್ದು. ದೋಣಿ ನಿಲ್ಲುವ ಧಕ್ಕೆ ಬಂದರು ಇಲಾಖೆಯದ್ದು. ಸೇತುವೆ ಬುಡದ ಜಾಗ ಹೆದ್ದಾರಿಯವರದ್ದು. ಉಳಿದ ತುಂಡು ಕಂದಾಯ ಇಲಾಖೆಯದ್ದು. ಸದಾಶಿವಗಡದ ಬದಿಗೆ ಹೋದರೆ ನಗರಸಭೆಯ ಬದಲು ಚಿತ್ತಾಕುಲ ಗ್ರಾಮ ಪಂಚಾಯಿತಿ. ಹಾಗಾಗಿ ಮೊದಲು ಸರ್ವೆ ನಂಬರ್ ಮತ್ತು ನಕ್ಷೆ ಹುಡುಕಿ. ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಆದ್ದರಿಂದ ನಕ್ಷೆಗೆ ಒಂದು, ನಿರ್ವಹಣೆ ಖರ್ಚಿಗೆ ಇನ್ನೊಂದು ಹಾಕಿ.

ಇನ್ನೊಂದು ಮಾತು ಕೇಳಿ ಇಟ್ಟುಕೊಳ್ಳಿ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸಲು 1985ರಲ್ಲೇ ಒಂದು ಕಾಯ್ದೆ ಬಂದಿದೆ. ನಿಮ್ಮ ಪಾರ್ಕು ಆ ಕಾಯ್ದೆಯ ಪಟ್ಟಿಯಲ್ಲಿದೆಯಾ ಅಂತ ಬರವಣಿಗೆಯಲ್ಲೇ ಕೇಳಿ. ಪಟ್ಟಿಯಲ್ಲಿದ್ದರೆ ನಾಳೆ ಯಾರಾದರೂ ಅಲ್ಲಿ ಮಳಿಗೆ ಕಟ್ಟಲು ಬಂದಾಗ ನಿಮ್ಮ ಕೈಯಲ್ಲಿ ಒಂದು ಕಾಗದ ಇರುತ್ತದೆ.

ಸ್ವಚ್ಛ ಮಾಡುವುದಕ್ಕೂ ಅನುಮತಿ ಬೇಕಾ?

ಕಸ ಹೆಕ್ಕಲು ಒಂದು ಪತ್ರ ಸಾಕು. ಪೌರಾಯುಕ್ತರಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನೂರಕ್ಕಿಂತ ಜಾಸ್ತಿ ಜನ ಸೇರುವ ಕಾರ್ಯಕ್ರಮವಾದರೆ ಮೂರು ಕೆಲಸದ ದಿನ ಮೊದಲೇ ತಿಳಿಸಬೇಕು, ಕಸ ಬೇರ್ಪಡಿಸಬೇಕು ಅಂತ ಘನತ್ಯಾಜ್ಯ ನಿಯಮಗಳಲ್ಲೇ ಬಂದಿದೆ.

ಮಣ್ಣು ಮುಟ್ಟುವ ಕೆಲಸಕ್ಕೆ ಮಾತ್ರ ಎಚ್ಚರ ಬೇಕು. ಕಡಲ ಉಪ್ಪುನೀರು ಹೊಳೆಯಲ್ಲಿ ಎಲ್ಲಿವರೆಗೆ ಏರುತ್ತದೋ ಅಲ್ಲಿವರೆಗೆ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ. ಕಾಂಡ್ಲಾ ಇರುವ ಜಾಗ 2019ರ ಅಧಿಸೂಚನೆಯಲ್ಲಿ ಅತಿ ಸೂಕ್ಷ್ಮ ಅನ್ನುವ 1ಎ ವರ್ಗಕ್ಕೆ ಸೇರುತ್ತದೆ. ಕಾಂಡ್ಲಾ ಕಾಡು ಸಾವಿರ ಚದರ ಮೀಟರಿಗಿಂತ ದೊಡ್ಡದಿದ್ದರೆ ಸುತ್ತ 50 ಮೀಟರ್ ಕಾಪು ಜಾಗವೂ ಬಿಡಬೇಕು. ಕಾಂಕ್ರೀಟ್ ಕಟ್ಟೆ, ಗಜೆಬೊ, ಮಣ್ಣು ತುಂಬುವುದು, ದಂಡೆ ಅಗೆಯುವುದು, ಇವುಗಳಲ್ಲಿ ಯಾವುದಕ್ಕೂ ಕೈ ಹಾಕುವ ಮೊದಲು ಕಾರವಾರದಲ್ಲೇ ಇರುವ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಯಲ್ಲಿ ವಿಚಾರಿಸಿ. ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು, ಮರ ನೀವೇ ನೆಟ್ಟದ್ದಾದರೂ.

ಭಾನುವಾರ ಬೆಳಿಗ್ಗೆ ಏಳಕ್ಕೆ ಸೇರೋಣವಾ?

ಭಾನುವಾರ ಸರಿ. ಗಂಟೆಯನ್ನು ಹೊಳೆ ಹೇಳುತ್ತದೆ.

ನಮ್ಮಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಏರಿಳಿತದ ಅಂತರ ಎರಡು ಮೀಟರಿನ ಆಸುಪಾಸು. ಅಷ್ಟಮಿ ಹೊತ್ತಿಗೆ ಅಷ್ಟು ಆಟ ಇರುವುದಿಲ್ಲ. ಅಮಾವಾಸ್ಯೆ ಕಳೆದ ಒಂದೆರಡು ದಿನದಲ್ಲಿ ಇಳಿತದ ಹೊತ್ತಿಗೆ ಹೋದರೆ, ಮಾಮೂಲಿ ದಿನ ಕಾಣದ ಕಸವೂ ಕೆಸರಿನ ಮೇಲೆ ಬಿದ್ದಿರುತ್ತದೆ. ಪೂರ್ತಿ ಇಳಿಯುವ ಒಂದು ಗಂಟೆ ಮೊದಲು ಶುರು ಮಾಡಿ, ನೀರು ತಿರುಗಿದ ಮೇಲೆ ಮೇಲೆ ಬನ್ನಿ. ಉಬ್ಬರದಲ್ಲಿ ಸೇರಿದರೆ ಬೆಂಚಿನ ಸುತ್ತ ಚಾಕೊಲೇಟ್ ಕವರ್ ಹೆಕ್ಕಿ, ಫೋಟೊ ತೆಗೆದು ವಾಪಸ್ ಹೋಗಬೇಕಷ್ಟೆ.

ಗಂಟೆ ಗೊತ್ತಾಗದಿದ್ದರೆ ದೋಣಿಯವರನ್ನು ಕೇಳಿ. ಪಂಚಾಂಗ ನೋಡದೇ ಹೇಳುತ್ತಾರೆ.

ಒಟ್ಟಾದ ಕಸ ಏನು ಮಾಡುವುದು?

ಇದಕ್ಕೆ ಮೊದಲೇ ಉತ್ತರ ಇಟ್ಟುಕೊಳ್ಳದೆ ಹೊರಡಬೇಡಿ. ಚೀಲ ತುಂಬಿ ದಂಡೆಯಲ್ಲಿ ಸಾಲಾಗಿ ಇಟ್ಟು ಹೋದರೆ, ನಾಯಿ ಹರಿದು ಹಾಕುತ್ತದೆ, ರಾತ್ರಿಯ ಉಬ್ಬರ ಅಷ್ಟನ್ನೂ ಹೊಳೆಗೆ ಒಯ್ಯುತ್ತದೆ. ಗಾಡಿ ಬರುವ ಗಂಟೆ ಖಚಿತವಾದ ಮೇಲೆ ದಿನ ಗೊತ್ತು ಮಾಡಿ.

ಕೆಸರು ಮೆತ್ತಿದ ಪ್ಲಾಸ್ಟಿಕ್ಕನ್ನು ಗುಜರಿಯವರು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಸ್ಥಳದಲ್ಲೇ ಐದು ಗುಂಪು ಮಾಡಿ: ಗಾಜಿನ ಬಾಟಲಿ, ಪ್ಲಾಸ್ಟಿಕ್ ಬಾಟಲಿ, ಬಲೆಯ ತುಂಡು ಮತ್ತು ಹಗ್ಗ, ಡೈಪರ್-ಔಷಧಿ-ಸೂಜಿಯಂಥದ್ದು, ಮತ್ತೆ ಉಳಿದದ್ದು. ಬಲೆ ತುಂಡನ್ನು ಕಾಂಡ್ಲಾ ಬೇರಿನಿಂದ ಎಳೆದು ಕೀಳಬೇಡಿ, ಕತ್ತರಿಯಿಂದ ಬಿಡಿಸಿ. ತೇಲಿ ಬಂದ ಮರದ ಕೊಂಬೆ, ತೆಂಗಿನ ಹೆಡೆ ಕಸವಲ್ಲ, ಅಲ್ಲೇ ಇರಲಿ. ಏಡಿಗಳಿಗೆ ಬೇಕು.

ದಪ್ಪ ಕೈಗವಸು, ಗಟ್ಟಿ ಬೂಟು ಕಡ್ಡಾಯ. ಕಲ್ಲಿಗೆ ಅಂಟಿದ ಕಾಲ್ವಾ ಚಿಪ್ಪು ಬ್ಲೇಡಿನಷ್ಟು ಹರಿತ. ಮಳೆಗಾಲದಲ್ಲಿ ಕಾಲಿಗೆ ಗಾಯ ಇದ್ದವರು ಕೆಸರಿಗೆ ಇಳಿಯಲೇಬಾರದು. ಇಲಿಜ್ವರ ನಮ್ಮ ಜಿಲ್ಲೆಗೆ ಹೊಸದಲ್ಲ. ಕಸದ ರಾಶಿಯ ಕೆಳಗೆ ಕೈ ಹಾಕುವ ಮೊದಲು ಕೋಲಿನಿಂದ ಸರಿಸಿ ನೋಡಿ, ಹಾವಿರಬಹುದು.

ತರಗೆಲೆ ರಾಶಿಗೆ ಬೆಂಕಿ ಹಾಕಬಹುದಾ?

ಬೇಡ. ಶಿರಸಿ, ಸಿದ್ದಾಪುರದ ಅಡಿಕೆ ತೋಟದವರು ಬೆಟ್ಟದಿಂದ ದರಕು ಗುಡಿಸಿ ಹೊತ್ತು ತಂದು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುತ್ತಾರೆ. ಅದೇ ದರಕನ್ನು ನಾವು ಪಾರ್ಕಿನಲ್ಲಿ ಸುಟ್ಟು, ಆಮೇಲೆ ಪೇಟೆಯಿಂದ ಗೊಬ್ಬರದ ಚೀಲ ತರುತ್ತೇವೆ. ಒಂದು ಮೂಲೆಯಲ್ಲಿ ಬಿದಿರಿನ ತಟ್ಟಿ ಕಟ್ಟಿ ಅದರೊಳಗೆ ತುಂಬಿ. ಒಂದು ಮಳೆಗಾಲ ಕಳೆದರೆ ಅರ್ಧಕ್ಕೆ ಇಳಿದು ಕಪ್ಪು ಮಣ್ಣಾಗುತ್ತದೆ. ಉಳಿದ ದರಕನ್ನು ಗಿಡದ ಬುಡಕ್ಕೆ ಮುಚ್ಚಿಗೆ ಮಾಡಿ.

ಯಾವ ಗಿಡ ನೆಡುವುದು?

ಜನ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ನಾನು ಹೇಳುವುದು ಇಷ್ಟು: ಗಿಡದ ಪಟ್ಟಿ ಮಾಡುವ ಮೊದಲು ದಂಡೆಯನ್ನು ಮೂರು ಪಟ್ಟಿಯಾಗಿ ನೋಡಿ.

ದಿನಾ ಉಬ್ಬರದ ನೀರು ತಾಗುವ ಪಟ್ಟಿ ಕಾಂಡ್ಲಾದ ಜಾಗ. ಅಲ್ಲಿ ಬೇರೆ ಏನು ನೆಟ್ಟರೂ ಸಾಯುತ್ತದೆ. ಅದರ ಮೇಲೆ, ಹುಣ್ಣಿಮೆ ಉಬ್ಬರಕ್ಕೋ ಮಳೆಗಾಲದ ನೆರೆಗೋ ಮಾತ್ರ ಒದ್ದೆಯಾಗುವ ಪಟ್ಟಿ. ಅಲ್ಲಿ ಹೊಂಗೆ, ಸುರಹೊನ್ನೆ, ಹೂವರಸಿ, ಕೇದಿಗೆ ಚೆನ್ನಾಗಿ ನಿಲ್ಲುತ್ತವೆ. ಉಪ್ಪು ಗಾಳಿಗೆ ಹೆದರದ ಜಾತಿಗಳು. ಕೇದಿಗೆಯ ಬೇರು ಮಣ್ಣನ್ನು ಹಿಡಿಯುವ ಬಗೆ ನೋಡಬೇಕೆಂದರೆ ಯಾವುದಾದರೂ ಹಳೇ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಬದಿಗೆ ಹೋಗಿ ನೋಡಿ. ಎಲ್ಲಕ್ಕಿಂತ ಮೇಲೆ, ನೀರು ನಿಲ್ಲದ ನೆಲದಲ್ಲಿ ನೇರಳೆ, ಮುರುಗಲು, ರಂಜಲ, ಸುರಗಿ, ಹೊಳೆದಾಸವಾಳ. ರಂಜಲ, ಸುರಗಿ ಹೂವು ಬಿಡುವ ಕಾಲಕ್ಕೆ ಅಜ್ಜಿಯರು ತಾವಾಗಿಯೇ ಪಾರ್ಕಿಗೆ ಬರುತ್ತಾರೆ. ನೇರಳೆ, ಮುರುಗಲಿಗೆ ಮಕ್ಕಳೂ ಬರುತ್ತಾರೆ, ಹಕ್ಕಿಯೂ ಬರುತ್ತದೆ.

ಬೇಡವಾದದ್ದನ್ನೂ ಹೇಳಿಬಿಡುತ್ತೇನೆ. ಅಕೇಶಿಯಾ ಬೇಡ. ಬೇಗ ಬೆಳೆಯುತ್ತದೆ ನಿಜ, ಆದರೆ ಜುಲೈ ಗಾಳಿಗೆ ಮುರಿದು ಬೀಳುವುದೂ ಅದೇ. ಗುಲ್‌ಮೊಹರ್ ಬೇರು ಆಳಕ್ಕೆ ಇಳಿಯುವುದಿಲ್ಲ, ಸಡಿಲ ದಂಡೆಯಲ್ಲಿ ಅಪಾಯ. ಹಳದಿ ಹೂವಿನ ಸಿಂಗಾಪುರ ಡೈಸಿಯನ್ನು ಅಂದಕ್ಕೆ ಅಂತ ತಂದು ಹಾಕುತ್ತಾರೆ. ಅದು ಹಬ್ಬಿ ಸುತ್ತಲಿನ ಎಲ್ಲ ಸಸಿಗಳನ್ನೂ ಮುಚ್ಚುತ್ತದೆ. ಈಗಾಗಲೇ ಇದ್ದರೆ, ಹೂ ಬಿಡುವ ಮೊದಲು ಬೇರು ಸಮೇತ ಕಿತ್ತು ಒಣಗಿಸಿ. ಲಂಟಾನ, ಕಮ್ಯುನಿಸ್ಟ್ ಗಿಡಕ್ಕೂ ಇದೇ ಮದ್ದು. ಒಂದು ಸಲ ಕಿತ್ತರೆ ಹೋಗುವುದಿಲ್ಲ, ಎರಡು ಮೂರು ಮಳೆಗಾಲ ಬೆನ್ನು ಬಿಡಬಾರದು.

ನೆಡುವ ಹೊತ್ತು ಜೂನ್, ಮಳೆ ಹಿಡಿದ ಮೇಲೆ. ಸಸಿ ಮೂರು ಅಡಿಯಾದರೂ ಇರಲಿ. ಪಕ್ಕಕ್ಕೆ ಗಟ್ಟಿ ಕೋಲು ಕಟ್ಟಿ, ಇಲ್ಲದಿದ್ದರೆ ಕಡಲ ಗಾಳಿಗೆ ಬುಡ ಅಲ್ಲಾಡಿ ಬೇರು ಹಿಡಿಯುವುದಿಲ್ಲ. ಐವತ್ತು ಸಸಿ ನೆಟ್ಟು ಐದು ಉಳಿಸುವುದಕ್ಕಿಂತ ಹನ್ನೆರಡು ನೆಟ್ಟು ಹನ್ನೆರಡನ್ನೂ ಉಳಿಸಿ.

ಬೀಜದ ವಿಷಯದಲ್ಲಿ ನಮ್ಮ ಜಿಲ್ಲೆಗೆ ದೊಡ್ಡ ಗುರು ಒಬ್ಬರಿದ್ದರು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ. ಹಾಲಕ್ಕಿ ಸಮುದಾಯದವರು, ಅರಣ್ಯ ಇಲಾಖೆಯ ಮಾಸ್ತಿಕಟ್ಟೆ ನರ್ಸರಿಯಲ್ಲಿ ದಶಕಗಟ್ಟಲೆ ಸಸಿ ಎಬ್ಬಿಸಿದವರು, ಪದ್ಮಶ್ರೀ ಪಡೆದವರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕಾಡಿನಲ್ಲಿ ತಾಯಿಮರ ಗುರುತಿಸಿ, ಅದರ ಬೀಜ ಯಾವಾಗ ಬಲಿಯುತ್ತದೆ ಅಂತ ಕಾದು ತರುವುದು ಅವರ ಹೆಸರಾದ ಕೆಲಸ. ನಾವೂ ಬೆಂಗಳೂರು ಕಡೆಯ ನರ್ಸರಿಯಿಂದ ಅಲಂಕಾರದ ಗಿಡ ತರಿಸುವುದು ಬಿಟ್ಟು, ಇದೇ ಹೊಳೆಯ ದಂಡೆಯಲ್ಲಿ ನೂರು ಮಳೆಗಾಲ ಕಂಡ ಹೊಂಗೆಯ ಬೀಜ ತಂದು ಸಸಿ ಮಾಡೋಣ. ಈ ಗಾಳಿ, ಈ ಉಪ್ಪು ಅದಕ್ಕೆ ಗೊತ್ತು.

ಕಾಂಡ್ಲಾ ಕಡಿದರೆ ಹೊಳೆ ಚೆಂದ ಕಾಣುತ್ತದೆ, ಸೊಳ್ಳೆಯೂ ಕಡಿಮೆಯಾಗುತ್ತದೆ ಅಂತಾರಲ್ಲ?

ಹೇಳುತ್ತಾರೆ. ಎರಡೂ ಮಾತು ತಪ್ಪು ದಾರಿಗೆ ಒಯ್ಯುತ್ತವೆ.

ಸೊಳ್ಳೆಯ ಮಾತು ಮೊದಲು. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆ ಇಡುವುದು ನಿಂತ ನೀರಿನಲ್ಲಿ. ಟಯರು, ಚಹಾ ಕಪ್ಪು, ಎಳನೀರಿನ ಚಿಪ್ಪು, ಮುಚ್ಚಳ ಇಲ್ಲದ ಟ್ಯಾಂಕು. ದಿನಕ್ಕೆ ಎರಡು ಸಲ ಉಬ್ಬರ ಬಂದು ತೊಳೆಯುವ ಕಾಂಡ್ಲಾ ಬುಡದಲ್ಲಿ ಅದಕ್ಕೆ ಜಾಗವಿಲ್ಲ. ಯಾರೋ ಮಣ್ಣು ಸುರಿದು ನೀರಿನ ದಾರಿ ಕಟ್ಟಿದ ಕಡೆ ಹೊಂಡ ನಿಲ್ಲುತ್ತದೆ, ಅಲ್ಲಿ ಸೊಳ್ಳೆ ಆಗುತ್ತದೆ. ಆಗ ತೆಗೆಯಬೇಕಾದ್ದು ಆ ಮಣ್ಣನ್ನು.

ಇನ್ನು ಚೆಂದದ ಮಾತು. ಕಾಂಡ್ಲಾ ಬೇರಿನ ನಡುವೆ ಮೀನಿನ ಮರಿ, ಶೆಟ್ಲಿ (ಸಿಗಡಿ), ಏಡಿ ಬೆಳೆಯುತ್ತವೆ. ಬೇರು ಹೂಳನ್ನು ಹಿಡಿದು ದಂಡೆ ಕಾಯುತ್ತದೆ. ಗಜನಿಯಲ್ಲಿ ಉಪ್ಪು ತಾಳಿ ಬೆಳೆಯುವ ಕಗ್ಗ ಭತ್ತದ ಗದ್ದೆಗಳ ಒಡ್ಡಿಗೆ ನಮ್ಮ ಹಿರಿಯರು ಕಾಂಡ್ಲಾ ಬೆಳೆಸಿದ್ದು ಇದೇ ಕಾರಣಕ್ಕೆ. ನೆಲದಿಂದ ಪೆನ್ಸಿಲ್ಲಿನ ಹಾಗೆ ಮೇಲೆದ್ದ ಚೂಪು ಕಡ್ಡಿಗಳನ್ನು ನೋಡಿದ್ದೀರಲ್ಲ? ಅವು ಅವಿಸೆನಿಯಾ ಅನ್ನುವ ಕಾಂಡ್ಲಾ ಜಾತಿಯ ಉಸಿರುಬೇರುಗಳು. ಪ್ಲಾಸ್ಟಿಕ್ ಚೀಲ ಅವುಗಳ ಮೇಲೆ ಸುತ್ತಿಕೊಂಡರೆ, ಕಟ್ಟಡದ ಮಣ್ಣು ಬಿದ್ದರೆ ಮರ ಉಸಿರು ಕಟ್ಟಿ ಒಣಗುತ್ತದೆ. ಹಾಗಾಗಿ ನಿಮ್ಮ ಗುಂಪಿನಲ್ಲಿ ನಾಲ್ಕೇ ಜನ ಇದ್ದು ಎರಡೇ ಗಂಟೆ ಸಮಯ ಇದ್ದರೆ, ಬೆಂಚಿನ ಸುತ್ತಲಿನದ್ದು ಬಿಟ್ಟು ಉಸಿರುಬೇರಿನ ಮೇಲಿನ ಪ್ಲಾಸ್ಟಿಕ್ ತೆಗೆಯಿರಿ.

ಹೊಳೆ ಕಾಣಬೇಕು ಅನ್ನುವ ಆಸೆ ನನಗೂ ಇದೆ. ಅದಕ್ಕೆ ಕಾಂಡ್ಲಾ ಇಲ್ಲದ ಸಹಜ ಕಿಂಡಿ ಇರುವ ಕಡೆ ಬೆಂಚು ಹಾಕಿಸಿ. ಕಾರವಾರದಲ್ಲೂ ಹೊನ್ನಾವರದ ಶರಾವತಿಯಲ್ಲೂ ಅರಣ್ಯ ಇಲಾಖೆ ಕಾಂಡ್ಲಾ ನಡುವೆ ಮರದ ಅಟ್ಟಣೆಯ ನಡೆದಾರಿ ಮಾಡಿದೆ. ದುಡ್ಡು ಕೊಟ್ಟು ಆ ಕಾಡು ನೋಡಲು ಜನ ಬರುವಾಗ ನಾವು ಮನೆ ಎದುರಿನದನ್ನು ಕಡಿಯುವುದು ಎಂಥ ನಷ್ಟ!

ಹಾಗಿದ್ದರೆ ನಾವೇ ಕಾಂಡ್ಲಾ ನೆಡಬಹುದಾ?

ಅರಣ್ಯ ಇಲಾಖೆಯವರ ಜತೆ ಸೇರಿ, ಅವರು ತೋರಿಸಿದ ಕಡೆ ನೆಡಬಹುದು. ರೈಝೋಫೊರಾ ಅನ್ನುವ ಕಾಂಡ್ಲಾ ಜಾತಿಯ ಉದ್ದ ಕೋಡುಗಳು ಮಳೆಗಾಲದಲ್ಲಿ ಬಲಿತು ಬೀಳುತ್ತವೆ. ಬಿದ್ದದ್ದನ್ನು ಹೆಕ್ಕಿ ಕೆಸರಿಗೆ ನೇರವಾಗಿ ಊರಿದರೂ ಬರುತ್ತದೆ. ಮರದ ಮೇಲಿರುವುದನ್ನು ಕೀಳಬೇಡಿ.

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಖಾಲಿ ಕಾಣುವ ಕೆಸರು ಬಯಲೆಲ್ಲ ಕಾಂಡ್ಲಾಕ್ಕೆ ಬಿಟ್ಟ ಜಾಗ ಅಲ್ಲ. ಅಲ್ಲಿ ತಿಸ್ರ್ಯೊ, ಬಳಚು ಅನ್ನುವ ಚಿಪ್ಪುಜೀವಿಗಳು ಇರುತ್ತವೆ. ಹೆಂಗಸರು ಇಳಿತದ ಹೊತ್ತಿಗೆ ಬಗ್ಗಿ ಕೂತು ಹೆಕ್ಕುತ್ತಾರೆ, ಅದರಲ್ಲಿ ಮನೆ ನಡೆಯುತ್ತದೆ. ಚಳಿಗಾಲದಲ್ಲಿ ದೂರದಿಂದ ಬರುವ ಗೊರವ ಹಕ್ಕಿಗಳಿಗೂ ಅದೇ ಊಟದ ಜಾಗ. ಫೋಟೊಗೆ ಚೆಂದ ಅಂತ ಅಲ್ಲಿ ಸಾಲು ಸಸಿ ನೆಡಬೇಡಿ. ಹಿಂದೆ ಕಾಂಡ್ಲಾ ಇದ್ದು ಹಾಳಾದ ಜಾಗದಲ್ಲಿ ಮಾತ್ರ ನೆಡಿ. ಎಷ್ಟೋ ಕಡೆ ನೀರಿನ ದಾರಿ ಬಿಡಿಸಿ ಸುಮ್ನೆ ಬಿಟ್ಟರೂ ಸಾಕು, ಉಬ್ಬರವೇ ಬೀಜ ತಂದು ಹಾಕುತ್ತದೆ.

ದಂಡೆ ಕುಸಿಯುತ್ತಿದೆ. ಕಾಂಕ್ರೀಟ್ ಗೋಡೆ ಕಟ್ಟಿಸಲು ಮನವಿ ಕೊಡೋಣವಾ?

ಅವಸರ ಬೇಡ. ನೇರ ಗೋಡೆಗೆ ಬಡಿದ ನೀರು ಅದೇ ಜೋರಿನಲ್ಲಿ ಕೆಳಗಿಳಿದು ಬುಡದ ಮಣ್ಣು ಕೊರೆಯುತ್ತದೆ. ಗೋಡೆ ಮುಗಿಯುವ ತುದಿಯಲ್ಲಿ ಪಕ್ಕದವರ ದಂಡೆ ಕುಸಿಯಲು ಶುರುವಾಗುತ್ತದೆ. ಮೊದಲು ಯಾಕೆ ಕುಸಿಯುತ್ತಿದೆ ನೋಡಿ. ಬಹಳ ಸಲ ಕಾರಣ ಮೇಲಿನಿಂದ ಬರುತ್ತದೆ: ರಸ್ತೆಯ ಮಳೆನೀರು ಒಂದೇ ಕಡೆ ಧಾರೆಯಾಗಿ ಬಿದ್ದು ದಂಡೆ ಸೀಳಿರುತ್ತದೆ. ಆ ನೀರಿಗೆ ಚಿರೇಕಲ್ಲಿನ ಮೆಟ್ಟಿಲುಗಾಲುವೆ ಮಾಡಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಇಳಿಜಾರಿಗೆ ಲಾವಂಚ ಹಾಕಿ. ಅದರ ಬೇರು ಮೂರು ಮೀಟರ್‌ವರೆಗೂ ನೇರ ಇಳಿಯುತ್ತದೆ. ದಿನಾ ಉಪ್ಪುನೀರು ಮುಳುಗಿಸುವ ಕಡೆ ಬರುವುದಿಲ್ಲ, ಅದರ ಮೇಲಿನ ಮಟ್ಟದಲ್ಲಿ ಹಾಕಬೇಕು. ರಸ್ತೆ, ಮನೆಗೆ ಅಪಾಯ ಇರುವ ಕಡೆ ಎಂಜಿನಿಯರ್ ಬಂದು ನೋಡಲೇಬೇಕು. ಆಗಲೂ ನೇರ ಗೋಡೆಗಿಂತ ಇಳಿಜಾರಾದ ಕಲ್ಲಿನ ಪಿಚಿಂಗ್ (ಕಲ್ಲು ಜೋಡಿಸಿದ ಹೊದಿಕೆ) ಕೇಳಿ, ನಡುವೆ ಗಿಡ ಬರುತ್ತದೆ, ಏಡಿಗೆ ಮನೆಯಾಗುತ್ತದೆ, ದೋಣಿಯವರೂ ಇಳಿಯಬಹುದು.

ಹಸಿರು ಹುಲ್ಲುಹಾಸು ಬೇಕು ಅಂತ ಕೆಲವರು ಹಟ ಮಾಡುತ್ತಾರೆ.

ಮಕ್ಕಳು ಆಡಲು ಒಂದು ತುಂಡು ಇರಲಿ. ಇಡೀ ಪಾರ್ಕಿಗೆ ಬೇಡ. ಕಾರವಾರಕ್ಕೆ ಕುಡಿಯುವ ನೀರು ಬರುವುದು ಗಂಗಾವಳಿಯಿಂದ. ದಂಡೆಯ ಬಾವಿ ನೀರು ಮಾರ್ಚ್ ಹೊತ್ತಿಗೆ ಉಪ್ಪಾಗುತ್ತದೆ. ಇನ್ನೊಂದು ಹೊಳೆಯಿಂದ ಪೈಪಿನಲ್ಲಿ ಬಂದ ಕುಡಿಯುವ ನೀರನ್ನು ಏಪ್ರಿಲ್‌ನಲ್ಲಿ ಹುಲ್ಲಿಗೆ ಸುರಿಯುವುದು ಸರಿ ಕಾಣುವುದಿಲ್ಲ. ಊರ ಹುಲ್ಲು ಬೇಸಿಗೆಯಲ್ಲಿ ಒಣಗಿ ಜೂನ್‌ನಲ್ಲಿ ತಾನೇ ಚಿಗುರುತ್ತದೆ.

ಮೀನುಗಾರರು ಪಾರ್ಕಿನಲ್ಲಿ ಬಲೆ ಒಣಗಿಸುತ್ತಾರೆ, ದೋಣಿ ಎಳೆದು ಹಾಕುತ್ತಾರೆ. ಏನು ಮಾಡುವುದು?

ಮೊದಲ ಸಭೆಗೇ ಅವರನ್ನು ಕರೆಯಿರಿ. ಪಾರ್ಕಿಗಿಂತ ಮೊದಲು ಅಲ್ಲಿ ಇದ್ದವರು ಅವರು. ಬಲೆ ಒಣಗಿಸಲು, ದೋಣಿ ಎಳೆಯಲು ದಂಡೆ ಅವರಿಗೆ ಬೇಕೇ ಬೇಕು. ಬೇಲಿ ಹಾಕಿ ಅವರನ್ನು ಹೊರಗಿಟ್ಟ ಪಾರ್ಕು ನೋಡಲು ಚೊಕ್ಕ ಇರಬಹುದು, ಆದರೆ ಊರು ಎರಡಾಗುತ್ತದೆ. ಆ ಬೇಲಿ ಮೊದಲ ಮಳೆಗಾಲದಲ್ಲೇ ಮುರಿಯುತ್ತದೆ.

ನಕ್ಷೆಯಲ್ಲೇ ಜಾಗ ಬಿಡಿಸಿ: ದೋಣಿ ಏರಲು ಒಂದು ಇಳಿಜಾರು ದಾರಿ, ಬಲೆ ಒಣಗಿಸಲು ಕಂಬ ಮತ್ತು ಕಟ್ಟೆ, ಹಳೇ ಬಲೆ ಹಾಕಲು ಒಂದು ತೊಟ್ಟಿ. ಆ ತೊಟ್ಟಿ ಇದ್ದರೆ ಬಲೆ ತುಂಡು ಹೊಳೆಗೆ ಹೋಗುವುದು ಎಷ್ಟೋ ಕಡಿಮೆಯಾಗುತ್ತದೆ. ಸಭೆಯನ್ನು ಅವರು ಕಡಲಿಗೆ ಹೋಗದ ಹೊತ್ತಿಗೆ ಇಡಿ. ಕನ್ನಡದಷ್ಟೇ ಕೊಂಕಣಿಯಲ್ಲೂ ಮಾತು ನಡೆಯಲಿ.

2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿಯ ಹಳೇ ಸೇತುವೆ ಕುಸಿದು ಲಾರಿ ಹೊಳೆಗೆ ಬಿದ್ದಾಗ, ಚಾಲಕನನ್ನು ಬದುಕಿಸಲು ಪೊಲೀಸರ ಜತೆ ನಿಂತವರು ಇಲ್ಲಿನ ಮೀನುಗಾರರೇ. ರಾತ್ರಿಯಲ್ಲೂ ಹೊಳೆಯ ಸೆಳೆತ ತಿಳಿದವರು ಪಕ್ಕದಲ್ಲಿರುವುದು ಪಾರ್ಕಿಗೆ ಬಂದ ಮಕ್ಕಳಿಗೂ ರಕ್ಷಣೆ.

ತಳ್ಳುಗಾಡಿಯವರನ್ನು ಎಬ್ಬಿಸಬೇಕಾ?

ಬೇಡ. ಚುರುಮುರಿ, ಎಳನೀರಿನವರು ಇದ್ದರೆ ಸಂಜೆ ಏಳರ ಮೇಲೂ ಜನ ಇರುತ್ತಾರೆ, ಹೆಂಗಸರಿಗೆ ಧೈರ್ಯ ಇರುತ್ತದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಅವರಿಗೆ ಹಕ್ಕಿದೆ. ಕಸದ ಬುಟ್ಟಿ ಇಡುವುದು, ಪ್ಲಾಸ್ಟಿಕ್ ಚಮಚ ಬಿಡುವುದು, ಈ ಎರಡನ್ನು ಒಪ್ಪಿಸಿ.

ರಾತ್ರಿ ಕುಡಿದು ಬಾಟಲಿ ಒಡೆಯುತ್ತಾರೆ.

ಕತ್ತಲೆ ಮೂಲೆ, ಪೊದೆ, ಯಾರೂ ಬಾರದ ದಾರಿ ಇದ್ದಲ್ಲಿ ಇದು ನಡೆಯುತ್ತದೆ. ಜಗಳಕ್ಕೆ ಹೋಗಬೇಡಿ, ಅದು ಪೊಲೀಸರ ಕೆಲಸ. ತುರ್ತಿಗೆ 112. ನಿಮ್ಮ ಕೆಲಸ ಜನ ಬರುವ ಹಾಗೆ ಮಾಡುವುದು. ಆ ಮೂಲೆಯಲ್ಲೇ ಸಂಜೆ ಭಜನೆಯವರು ಕೂರಲಿ, ಹುಡುಗರು ವಾಲಿಬಾಲ್ ಆಡಲಿ. ಸೊಂಟದ ಮಟ್ಟದ ಪೊದೆ ಕತ್ತರಿಸಿ, ದೊಡ್ಡ ಮರದ ಕೆಳಕೊಂಬೆ ಸವರಿಸಿ, ರಸ್ತೆಯಿಂದ ಒಳಗೆ ಕಾಣುವ ಹಾಗೆ ಮಾಡಿ. ಒಡೆದ ಗಾಜನ್ನು ಮಾತ್ರ ಅದೇ ದಿನ ತೆಗೆಯಿರಿ. ಬರಿಗಾಲಿನ ಮಕ್ಕಳು ಬರುತ್ತಾರೆ.

ದೀಪ ಎಷ್ಟು ಬೇಕು?

ನಡೆದಾರಿ, ಮೆಟ್ಟಿಲು, ಶೌಚಾಲಯದ ಹತ್ತಿರ ಚೆನ್ನಾಗಿ ಬೇಕು. ಹೊಳೆಯ ಕಡೆಗೆ ಮುಖ ಮಾಡಿದ ಫ್ಲಡ್‌ಲೈಟ್ ಬೇಡ. ಕೆಳಮುಖವಾದ ಹಳದಿ ಬೆಳಕು ಸಾಕು. ಮಳೆಗಾಲಕ್ಕೆ ಮುಂಚೆ ದಂಡೆಯ ಮರಗಳಲ್ಲಿ ಮಿಂಚುಹುಳ ಬರುತ್ತವೆ. ಕಾಳಿಯಲ್ಲಿ ನೀರುನಾಯಿಗಳೂ ಇವೆ. ಅವಕ್ಕೆ ಕತ್ತಲೆ ಬೇಕು.

ಗಣಪತಿ ಬಿಡುವ ಜಾಗ ಇದೇ ದಂಡೆ. ಅದಕ್ಕೇನು ಮಾಡುವುದು?

ಹಬ್ಬಕ್ಕೆ ಎರಡು ವಾರ ಮೊದಲೇ ಓಣಿಯ ಗಣೇಶೋತ್ಸವದವರ ಜತೆ ಕೂತು ಮಾತಾಡಿ. ಪಿಒಪಿ ಮೂರ್ತಿಗೆ ನಮ್ಮ ರಾಜ್ಯದಲ್ಲಿ ನಿಷೇಧ ಇದೆ. ಹಸಿ ಮಣ್ಣಿನ, ಬಣ್ಣ ಕಡಿಮೆ ಇರುವ ಮೂರ್ತಿ ತರಲು ಒಪ್ಪಿಸಿ. ಬಿಡುವ ದಿನ ದಂಡೆಯಲ್ಲಿ ಮೂರು ಮೇಜು ಹಾಕಿ: ಹೂವು-ಪತ್ರೆಗೆ ಒಂದು, ಬಟ್ಟೆ-ಸರಿಗೆಗೆ ಒಂದು, ತೆಂಗಿನಕಾಯಿ-ಹಣ್ಣಿಗೆ ಒಂದು. ಓಣಿಯ ಹಿರಿಯರೇ ಮೇಜಿನ ಹತ್ತಿರ ನಿಂತು "ಇಲ್ಲಿ ಕೊಡಿ ತಮ್ಮಾ" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಹೂವು ದರಕಿನ ತಟ್ಟಿಗೆ ಹೋಗಲಿ.

ಮಕ್ಕಳನ್ನು ಕರೆದುಕೊಂಡು ಹೋಗುವುದು ಸುರಕ್ಷಿತವಾ?

ಮೇಲಿನ ಪಟ್ಟಿಯಲ್ಲಿ, ದೊಡ್ಡವರ ಜತೆ, ಹೌದು. ನೀರಿಗೆ ಇಳಿಸಬೇಡಿ. ಅಳಿವೆ ಹತ್ತಿರ ಇಳಿತದ ಸೆಳೆತ ಕಡಲ ಕಡೆಗೆ ಎಳೆಯುತ್ತದೆ, ಈಜು ಬಲ್ಲವರನ್ನೂ ಬಿಡುವುದಿಲ್ಲ. ಕಾಳಿಯ ಕೊನೆಯ ಅಣೆಕಟ್ಟು ಕದ್ರಾ. ಮಳೆಗಾಲದಲ್ಲಿ ಅಲ್ಲಿಂದ ನೀರು ಬಿಡುವ ಮುನ್ನ ಎಚ್ಚರಿಕೆ ಕೊಡುತ್ತಾರೆ. 2019 ಮತ್ತು 2021ರ ನೆರೆ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಆ ಎಚ್ಚರಿಕೆ ಬಂದ ದಿನ ದಂಡೆಯಲ್ಲಿ ಯಾವ ಕಾರ್ಯಕ್ರಮವೂ ಬೇಡ.

ಕಾಲೇಜಿನವರನ್ನು ಸೇರಿಸಿಕೊಳ್ಳಿ. ಎನ್‌ಎಸ್‌ಎಸ್ ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಒಂದೇ ದಿನ ಇನ್ನೂರು ಜನ ಬಂದು ಹೋಗುವ ಬದಲು, ವಾರಕ್ಕೆ ಆರು ಜನ ಬರುವ ಹಾಗೆ ಪ್ರಾಧ್ಯಾಪಕರ ಜತೆ ಮಾತಾಡಿ. ಅವರಲ್ಲಿ ಒಬ್ಬರಾದರೂ ಹಕ್ಕಿ ಗುರುತಿಸಲು ಕಲಿಯುತ್ತಾರೆ. ಬಿಳಿಹೊಟ್ಟೆಯ ಕಡಲ ಹದ್ದನ್ನು ಮೊದಲ ಸಲ ಕಂಡ ಹುಡುಗಿ ಆ ದಂಡೆಯನ್ನು ಸುಲಭಕ್ಕೆ ಬಿಡುವುದಿಲ್ಲ.

ದುಡ್ಡು ಎಲ್ಲಿಂದ? ಸಂಘ ನೋಂದಣಿ ಮಾಡಿಸಲೇಬೇಕಾ?

ಮೊದಲ ವರ್ಷ ಬೇಡ. ಕತ್ತಿ, ಗುದ್ದಲಿ, ಗೋಣಿಚೀಲ ಮನೆಮನೆಯಲ್ಲಿ ಇರುತ್ತವೆ. ಕೈಗವಸಿಗೆ ಸ್ವಲ್ಪ ಖರ್ಚು ಬರುತ್ತದೆ. ದುಡ್ಡು ಮೊದಲು ಬಂದರೆ ಜಗಳವೂ ಮೊದಲೇ ಬರುತ್ತದೆ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಬೇಕಾದರೆ ಮಾತ್ರ ನೋಂದಣಿ ಬೇಕು. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಕನಿಷ್ಠ ಏಳು ಸದಸ್ಯರು ಸಾಕು. ಆದರೆ ಸಿಎಸ್‌ಆರ್‌ಗೆ ಆದಾಯ ತೆರಿಗೆಯ ನೋಂದಣಿ ಮತ್ತು ಸಿಎಸ್‌ಆರ್-1 ಫಾರ್ಮು ಎರಡೂ ಕೇಳುತ್ತಾರೆ. ಬಂದ ಹಣವನ್ನು ಒಬ್ಬರ ಫೋನ್‌ಪೇಗೆ ಹಾಕಿಸಿಕೊಳ್ಳಬೇಡಿ. ಜಂಟಿ ಖಾತೆ ತೆರೆದು, ತಿಂಗಳ ಲೆಕ್ಕ ಬರೆದು ಪಾರ್ಕಿನ ಫಲಕಕ್ಕೆ ಅಂಟಿಸಿ. ದಾನಿಯ ಹೆಸರು ಬೆಂಚಿನ ಮೇಲೆ ಸಣ್ಣದಾಗಿ ಇರಲಿ. ಹೊಳೆಗೆ ಅಡ್ಡವಾಗಿ ದೊಡ್ಡ ಬೋರ್ಡು ಕೇಳಿದರೆ ಆ ಹಣ ಬೇಡ ಅನ್ನುವ ಧೈರ್ಯ ಮಾಡಿ.

ಮಳೆಗಾಲದ ನಾಲ್ಕು ತಿಂಗಳು ಏನೂ ಆಗುವುದಿಲ್ಲ ಅಲ್ವಾ?

ಆಗಲೇ ಕೆಲಸ ಜಾಸ್ತಿ. ಮೇ ಕೊನೆಯಲ್ಲಿ ಚರಂಡಿ ಬಾಯಿ ಬಿಡಿಸಬೇಕು, ಒಣ ಕೊಂಬೆ ಇಳಿಸಬೇಕು. ಜೂನ್‌ನಲ್ಲಿ ನೆಡಬೇಕು. ಜುಲೈನಲ್ಲಿ ಕೊಡೆ ಹಿಡಿದು ಸುಮ್ನೆ ಒಂದು ಸುತ್ತು ಬನ್ನಿ: ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೊರೆಯುತ್ತದೆ, ಯಾವ ಕಡೆಯಿಂದ ಕಸ ತೇಲಿ ಬರುತ್ತದೆ ಅಂತ ಬರೆದಿಡಿ. ಬೇಸಿಗೆಯಲ್ಲಿ ಮಾಡುವ ಯಾವ ನಕ್ಷೆಗಿಂತಲೂ ಆ ಟಿಪ್ಪಣಿ ಉಪಯೋಗಕ್ಕೆ ಬರುತ್ತದೆ. ಎಂಜಿನಿಯರ್ ಮುಂದೆ ಅದೇ ನಿಮ್ಮ ಸಾಕ್ಷಿ.

ನಾವು ಶಿರಸಿಯವರು. ನಮಗೆ ಹೊಳೆದಂಡೆ ಎಲ್ಲಿದೆ?

ನಿಮ್ಮ ಪೇಟೆಯ ಶಂಕರಹೊಂಡ ಅಘನಾಶಿನಿಯ ಒಂದು ಮೂಲ. ಅಣೆಕಟ್ಟು ಇಲ್ಲದೆ ಕಡಲು ಸೇರುವ ಆ ಹೊಳೆಯ ಅಳಿವೆಗೆ 2024ರಲ್ಲಿ ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್‌ಸಾರ್ ಮಾನ್ಯತೆ ಸಿಕ್ಕಿತು, 4,801 ಹೆಕ್ಟೇರ್ ಜಾಗ. ನೀವು ಹೊಂಡದ ಸುತ್ತ ಚೊಕ್ಕ ಇಟ್ಟರೆ ಕುಮಟಾದ ಬಳಚು ಹೆಕ್ಕುವವರಿಗೆ ಉಪಕಾರ. ಮರ ಅಪ್ಪಿಕೊಂಡು ಕಾಡು ಉಳಿಸುವ ಅಪ್ಪಿಕೋ ಚಳವಳಿ 1983ರಲ್ಲಿ ಹುಟ್ಟಿದ್ದು ನಿಮ್ಮ ತಾಲೂಕಿನ ಸಾಲ್ಕಣಿಯಲ್ಲಿ. ಈಚೆಗೆ ಜೀವಜಲ ಕಾರ್ಯಪಡೆ ಕೆರೆಗಳ ಹೂಳೆತ್ತಿದ್ದೂ ಶಿರಸಿಯಲ್ಲೇ. ನಾವು ಕರಾವಳಿಯವರು ನಿಮ್ಮಿಂದ ಕಲಿಯುವುದು ಜಾಸ್ತಿ ಇದೆ.

ಆರು ತಿಂಗಳಲ್ಲಿ ಗುಂಪು ಕರಗುತ್ತದೆ. ಉಳಿಸುವುದು ಹೇಗೆ?

ಕೆಲಸ ಸಣ್ಣದಾಗಿಸಿ, ದಿನ ಬದಲಿಸಬೇಡಿ. ಒಬ್ಬೊಬ್ಬರಿಗೆ ಒಂದೊಂದು ತುಂಡು ಒಪ್ಪಿಸಿ: ಈ ಮೂರು ಮರ ಇವರದ್ದು, ಆ ಚರಂಡಿ ಅವರದ್ದು. ಕೆಲಸ ಮುಗಿದ ಮೇಲೆ ಚಹಾ, ಅವಲಕ್ಕಿ ಇರಲಿ. ಅಧ್ಯಕ್ಷರನ್ನು ವರ್ಷಕ್ಕೊಮ್ಮೆ ಬದಲಿಸಿ. ವಾರ್ಡಿನ ಸದಸ್ಯರು ಯಾವ ಪಕ್ಷದವರಾದರೂ ಕರೆಯಿರಿ, ಆದರೆ ಪಾರ್ಕಿನೊಳಗೆ ಬಾವುಟ ಬೇಡ. ಬರಲಾಗದ ಹಿರಿಯರಿಗೆ ಲೆಕ್ಕ ಬರೆಯುವ, ಹಳೇ ದಂಡೆ ಹೇಗಿತ್ತು ಅಂತ ಹೇಳುವ ಕೆಲಸ ಕೊಡಿ.

ಸದ್ಯಕ್ಕೆ ನಾನೊಬ್ಬಳೇ ಇದ್ದೇನೆ. ಏನು ಮಾಡಲಿ?

ವಾರಕ್ಕೊಂದು ದಿನ, ಇಳಿತದ ಹೊತ್ತಿಗೆ, ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆಯಿರಿ. ದಿನಾಂಕ ಬರೆಯಿರಿ. ಹಾಗೇ ಒಂದು ಚೀಲ ಕಸ ಹೆಕ್ಕಿ. ಸಂಜೆ ದಿನಾ ಕಾಣುವ ಇಬ್ಬರನ್ನು ಮಾತಾಡಿಸಿ, ಅದರಲ್ಲಿ ಒಬ್ಬರು ದೋಣಿಯವರಾಗಿರಲಿ. ಮೂರು ತಿಂಗಳ ಫೋಟೊ ಸೇರಿದ ಮೇಲೆ ಅವನ್ನು ಪ್ರಿಂಟ್ ಹಾಕಿಸಿ, ಒಂದು ಪುಟದ ಪತ್ರದ ಜತೆ ನಗರಸಭೆಗೆ ಕೊಡಿ. ಸ್ವೀಕೃತಿ ಸೀಲು ಮರೆಯಬೇಡಿ.